ಹೆಸರಿಲ್ಲದ ಕೋಳಿ

ನಮಗೆ ಯಾರೂ ಮೋಸ ಮಾಡಲಿಲ್ಲ. ಕಥೆ ಚೆನ್ನಾಗಿತ್ತು, ನಾವು ಚಪ್ಪಾಳೆ ಹೊಡೆದೆವು, ನಾನು ಪುಟ್ಟಮ್ಮನನ್ನು ಕಳೆದುಕೊಂಡೆ. ನಡೆದದ್ದು ಇಷ್ಟೇ.

ಪುಟ್ಟಮ್ಮ ಎದುರುಮನೆಯವಳು. ನಾವಿಬ್ಬರೂ ಈ ಊರಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಅಂದಿನಿಂದ ನಮ್ಮ ಮನೆಯ ಮೊಸರು ಮುಗಿದರೆ ಅವಳ ಹೆಪ್ಪು, ಅವಳದು ಮುಗಿದರೆ ನನ್ನದು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ನಮ್ಮ ಕಡೆ ಶಾಸ್ತ್ರ. ಹಾಗಾಗಿ ಬೆಳಿಗ್ಗೆಯೇ ಬಟ್ಟಲು ಹಿಡಿದು ಹೋಗುವುದು. ಒಂದು ಚಮಚ ಹೆಪ್ಪಿಗೆ ಒಂದು ಗಂಟೆ ಮಾತು. ಈಗಿನ ನಮ್ಮ ಸೊಸೆಯರು ನೋಡಿ ನಗುತ್ತಿದ್ದರು.

ಪಂಚಾಯಿತಿ ಚುನಾವಣೆ ಬಂತು. ಪುಟ್ಟಮ್ಮನ ಮೈದುನ ಒಂದು ಕಡೆ ನಿಂತ, ನಮ್ಮ ಭಾವನ ಮಗ ಇನ್ನೊಂದು ಕಡೆ. ನಮ್ಮ ಹುಡುಗನ ಪರವಾಗಿ ಮಾತಾಡಲು ಅರಸೀಕೆರೆಯಿಂದ ಒಬ್ಬ ಆಟೋಗೆ ಮೈಕು ಕಟ್ಟಿಕೊಂಡು ನಮ್ಮ ಬೀದಿಗೇ ಬಂದ. ರಸ್ತೆ, ನೀರು ಒಂದರ ಸುದ್ದಿಯೂ ಎತ್ತಲಿಲ್ಲ. ಕಥೆ ಹೇಳಿದ. ಒಂದೂರಲ್ಲಿ ಕೋಳಿಗಳೆಲ್ಲ ನೆಮ್ಮದಿಯಾಗಿದ್ದವಂತೆ. ಅವುಗಳಲ್ಲೇ ಒಂದು, ನರಿಗೆ ಗೂಡಿನ ಬಾಗಿಲು ತೋರಿಸಿತಂತೆ. "ಆ ಕೋಳಿ ಯಾವ ಮನೇಲೈತೆ ಅಂತ ನಾನ್ ಹೇಳಲ್ಲ ಕಣ್ರವ್ವಾ, ನಿಮಗೇ ಗೊತ್ತು!" ಎಂದ.

ಹೆಸರು ಹೇಳಿದ್ದರೆ ನಾನೇ ಎದ್ದು ಬೈಯುತ್ತಿದ್ದೆ. ಅವನು ಜಾಗ ಖಾಲಿ ಬಿಟ್ಟ, ತುಂಬಿದವರು ನಾವು. ಎಲ್ಲರೂ ಪುಟ್ಟಮ್ಮನ ಮನೆ ಕಡೆ ತಿರುಗಿದರು. ನಾನೂ ತಿರುಗಿದೆ, ಚಪ್ಪಾಳೆಯನ್ನೂ ಹೊಡೆದೆ. ಅವಳು ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು. ನನ್ನ ಕೈ ನೋಡಿದಳು. ಮೊರ ಕೆಳಗಿಟ್ಟು ಒಳಗೆ ಹೋದಳು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ರಾಜಕೀಯ ಗೊತ್ತಿಲ್ಲ. ಬಸ್ತಿಹಳ್ಳಿಯ ಬಸದಿಯ ಕಂಬ ಗೊತ್ತು. ಅದರ ಪಕ್ಕದ ಹಳೇಬೀಡಿಗೆ ಒಂದು ಮದುವೆಗೆಂದು ಹೋದಾಗ ನಾನೂ ಪುಟ್ಟಮ್ಮನೂ ನೋಡಿದ್ದೆವು. ನುಣ್ಣನೆಯ ಕರಿಕಲ್ಲು, ಮುಂದೆ ನಿಂತರೆ ಮುಖ ಕಾಣುತ್ತದೆ, ಇದ್ದ ಹಾಗೆ ಮಾತ್ರ ಕಾಣುವುದಿಲ್ಲ. "ನಿನ್ ಮುಖ ಕುಂಬಳಕಾಯಿ ಆಗೈತಲ್ಲೇ!" ಎಂದು ನಕ್ಕಿದ್ದೆ. "ಮೊದ್ಲು ನಿಂದು ನೋಡ್ಕಳೇ, ಒನಕೆ ಮುಖದೋಳೇ!" ಎಂದಿದ್ದಳು. ಸೊಟ್ಟಗೆ ತೋರಿಸುವುದು ಕಂಬವೆಂದು ಆಗ ಇಬ್ಬರಿಗೂ ಗೊತ್ತಿತ್ತು. ಮೈಕಿನ ಮುಂದೆ ಆ ಬುದ್ಧಿ ಎಲ್ಲಿಗೆ ಹೋಯಿತು, ನೀವೇ ಹೇಳಿ.

ನಮ್ಮ ಹುಡುಗ ಗೆದ್ದ. ಬೀದಿಯ ನಲ್ಲಿ ಒಣಗಿಯೇ ಇತ್ತು. ಹೆಪ್ಪು ಕೇಳಲು ಮುಖವಿಲ್ಲದೆ ನನ್ನ ಮೊಸರನ್ನೇ ಜೋಪಾನ ಮಾಡಿಕೊಂಡೆ. ಮೊಸರು ಗಟ್ಟಿಯಾಗಿಯೇ ಬರುತ್ತಿತ್ತು. ಬೆಳಗಿನ ಹೊತ್ತು ಮಾತ್ರ ಕಳೆಯುತ್ತಲೇ ಇರಲಿಲ್ಲ. ಎದುರುಬಾಗಿಲು ಸದ್ದಾದರೆ ಪೊರಕೆ ಹಿಡಿದು, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ಅವಳು ತಲೆ ಎತ್ತುತ್ತಿರಲಿಲ್ಲ.

ಇನ್ನೊಂದು ಚುನಾವಣೆ ಬಂತು. ಅರಸೀಕೆರೆ ಸಂತೆಗೆ ಹೋದವಳು ಬಸ್ ಸ್ಟ್ಯಾಂಡಿನ ಹತ್ತಿರ ಅದೇ ಗಂಟಲು ಕೇಳಿ ನಿಂತೆ. ಅದೇ ಮನುಷ್ಯ, ಆಟೋದ ಮೇಲಿನ ಬಾವುಟ ಮಾತ್ರ ಈ ಸಲ ಎದುರು ಪಕ್ಷದ್ದು. ಅದೇ ನರಿ, ಅದೇ ಕೋಳಿ. "ನಿಮಗೇ ಗೊತ್ತು!" ಎಂದಾಗ ಜನ ಯಾರ ಮನೆಯ ಕಡೆಗೋ ತಿರುಗಿ ಚಪ್ಪಾಳೆ ಹೊಡೆದರು. ಅಲ್ಲಿ ಪುಟ್ಟಮ್ಮ ಇರಲಿಲ್ಲ. ಆದರೂ ಅವರಿಗೆ ಕೋಳಿ ಸಿಕ್ಕಿತು.

ಮಾರನೆಯ ಬೆಳಿಗ್ಗೆ ನೋಡಿದರೆ ಮನೆಯಲ್ಲಿ ಗಡಿಗೆ ತುಂಬ ಮೊಸರು. ಇಲ್ಲವೆಂದು ಸುಳ್ಳು ಹೇಳಿಕೊಂಡು ಪುಟ್ಟಮ್ಮನ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಅಷ್ಟನ್ನೂ ಎಮ್ಮೆಯ ಕಲಗಚ್ಚಿಗೆ ಸುರಿದೆ. ಬಟ್ಟಲು ತೊಳೆದುಕೊಂಡು ಬೀದಿ ದಾಟಿದೆ.

"ಚಪ್ಪಾಳೆ ಹೊಡಿಯಕ್ ಬಂದ್ಯಾ?" ಎಂದಳು ಪುಟ್ಟಮ್ಮ.

"ಹೆಪ್ಪಿಗ್ ಬಂದೆ ಕಣೇ. ಮನೇಲಿ ಒಂದ್ ತೊಟ್ಟೂ ಇಲ್ಲ," ಎಂದೆ.