ತೊಳೆದು ಬರುತ್ತಿದ್ದ ಪಾತ್ರೆ

ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಒಳ್ಳೆಯವಳಾಗಿರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಅವಳ ಜೊತೆ ಒಂದು ಚಳಿಗಾಲ ಕಳೆದು ನೋಡಬೇಕಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಧಾರವಾಡದಿಂದ ಬಂದು ಅಲ್ಲಿನ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಒಗ್ಗರಣೆಗೆ ಸಾಸಿವೆ ಸಿಡಿದರೆ ಸಾಕು, ಅವಳು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು ಕೊರೆಯುವ ಗಾಳಿಯನ್ನು ಒಳಗೆ ಬಿಟ್ಟು, ನನ್ನ ಸಾರು ತಣ್ಣಗಾಗುವ ತನಕ ಮುಚ್ಚುತ್ತಿರಲಿಲ್ಲ. ಆಗಲೇ ಎಂಬತ್ತು ದಾಟಿದ್ದಳು. ನಾನು ಅವಳನ್ನು ಅಜ್ಜಿ ಎಂದು ಕರೆಯುತ್ತಿದ್ದೆ. ಅದು ನಮ್ಮ ಕಡೆಯ ದೊಡ್ಡ ಬಿರುದು ಎಂದುಕೊಂಡು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ನಾನೂ ತಿದ್ದಲು ಹೋಗಲಿಲ್ಲ.

ಅಮೆರಿಕದ ನಡುಭಾಗದಲ್ಲಿ, ಕಣ್ಣು ಹಾಯುವಷ್ಟು ದೂರವೂ ಗೋವಿನಜೋಳವೇ ಕಾಣುವ ಬಯಲುಸೀಮೆಯ ಊರು ಅವಳದು. ಧಾನ್ಯದ ವ್ಯಾಪಾರ ಕಲಿಯಲು ಅಲ್ಲಿಗೆ ಬಂದಿದ್ದ ಆಸ್ಟ್ರೇಲಿಯಾದವನನ್ನು ಮದುವೆಯಾಗಿ ಹಡಗು ಹತ್ತಿದಳಂತೆ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ, ಚರ್ಚು ಉಳಿಯಿತು. ಅವಳ ಊರಿನಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದವರಿಗೆ ಚರ್ಚಿನ ಹೆಂಗಸರು ಬಿಸಿ ಊಟ ಬಡಿಸುವುದು ಪದ್ಧತಿ. ಕೊಚ್ಚಿದ ದನದ ಮಾಂಸ, ಬೀನ್ಸ್, ಡಬ್ಬಿಯ ಅಣಬೆ ಸೂಪು, ಮೇಲೆ ಆಲೂಗಡ್ಡೆ ಹೊದಿಸಿ ಓವನ್ನಿನಲ್ಲಿ ಬೇಯಿಸಿದ್ದು. ಅದಕ್ಕೆ ಹಾಟ್‌ಡಿಶ್ ಎಂದು ಹೆಸರು. ಕ್ರಾನ್‌ಬರ್ನ್‌ನ ಚರ್ಚಿನವರೋ ಚಹಾ, ಸ್ಯಾಂಡ್‌ವಿಚ್ ಕೊಟ್ಟು ಕೈತೊಳೆದುಕೊಳ್ಳುವವರು. ದುಃಖದಲ್ಲಿರುವವರಿಗೆ ತಣ್ಣನೆಯ ಬ್ರೆಡ್ಡು ಕೊಡುವುದು ಯಾವ ಸೀಮೆಯ ಧರ್ಮ ಎಂದು ಇವಳು ಬಂದ ಹೊಸತರಲ್ಲೇ ಎಲ್ಲರ ಮುಖಕ್ಕೆ ಹೊಡೆದಂತೆ ಕೇಳಿದ್ದಳು. ಅಂದಿನಿಂದ ಪ್ರತಿ ಸಾವಿಗೂ ಅಗಲವಾದ ಬಿಳಿ ಪಿಂಗಾಣಿ ಪಾತ್ರೆಯ ತುಂಬ ಅದನ್ನೇ ಮಾಡಿ ಒಯ್ಯುತ್ತಿದ್ದಳು.

ಊಟದ ಜೊತೆ ಅವಳ ನಾಲಿಗೆಯೂ ಹೋಗುತ್ತಿತ್ತಲ್ಲ, ಕಷ್ಟ ಅಲ್ಲಿತ್ತು. ನಾನು ಕಾರಿನಲ್ಲಿ ಕರೆದೊಯ್ದ ಒಂದು ಸಾವಿನಲ್ಲಿ, ಆಗಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸಿನ ತಟ್ಟೆಗೆ ಬಡಿಸುತ್ತ, "ಅವನು ಕುಡಿಯೋದು ಬಿಟ್ಟಿದ್ದರೆ ಇನ್ನೂ ಹತ್ತು ವರ್ಷ ಇರ್ತಿದ್ದ. ತಿನ್ನು, ಬಿಸಿ ಇದೆ," ಅಂದಳು. ಆ ಹೆಂಗಸು ತಟ್ಟೆ ಹಿಡಿದುಕೊಂಡೇ ನಿಂತಿದ್ದಳು.

ಆದರೆ ಪಾತ್ರೆ ಮಾತ್ರ ಪ್ರತಿ ಸಲವೂ ಖಾಲಿಯಾಗಿ, ತೊಳೆದು ಒರೆಸಿಕೊಂಡು ವಾಪಸ್ಸು ಬರುತ್ತಿತ್ತು. ಚರ್ಚಿನಲ್ಲಿ ಪಿಯಾನೊ ನುಡಿಸುವ ಹೆಂಗಸು ತಾನೇ ತಂದುಕೊಡುತ್ತಿದ್ದಳು. ಅಜ್ಜಿ ಅದನ್ನು ನನ್ನ ಕಣ್ಣ ಮುಂದೆ ಹಿಡಿದು, "ನೋಡು, ಒಂದು ಚೂರೂ ಬಿಟ್ಟಿಲ್ಲ. ನನ್ನ ಬೈಕೊಂಡೇ ತಿಂತಾರೆ," ಎನ್ನುವಳು. ಅವಳ ಮುಖದಲ್ಲಿ ನಾನು ಕಂಡ ನಗು ಅದೊಂದೇ.

ಕೊನೆಗೆ ಅವಳ ಯಕೃತ್ತಿಗೆ ಕ್ಯಾನ್ಸರು ಬಂತು. ಆಸ್ಪತ್ರೆ ಬೇಡವೆಂದು ಮನೆಯಲ್ಲೇ ಮಲಗಿದಳು. ಹಗಲು ನರ್ಸ್ ಬಂದು ಹೋಗುತ್ತಿದ್ದಳು, ಉಳಿದದ್ದಕ್ಕೆ ನಾನಿದ್ದೆ. ಒಂದು ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಪಿಯಾನೊದವಳು ಹೂ ಹಿಡಿದು ಬಂದಳು. ಹಾಸಿಗೆಯ ಪಕ್ಕ ಕೂತು, ಅಜ್ಜಿಯ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡು ಅಳತೊಡಗಿದಳು. ನಾನು ಚಹಾದ ಟ್ರೇ ಹಿಡಿದು ಬಾಗಿಲಲ್ಲಿದ್ದೆ.

"ನನ್ನ ಮನಸ್ಸಿನ ಮೇಲೆ ಒಂದು ಭಾರ ಇದೆ," ಅಂದಳು. "ನಿಮ್ಮ ಊಟವನ್ನ ನಾವು ಯಾವತ್ತೂ ತಿಂದಿಲ್ಲ. ನೀವು ಆಚೆ ಹೋದ ಕೂಡಲೇ ಕಸದ ಬಿನ್ನಿಗೆ ಹಾಕ್ತಿದ್ವಿ. ಇಷ್ಟು ವರ್ಷವೂ. ನೀವು ಕ್ಷಮಿಸಿದೆ ಅಂದರೆ ನನಗೆ ನೆಮ್ಮದಿ."

ನನಗೆ ಪಿತ್ತ ನೆತ್ತಿಗೇರಿತು. ಇನ್ನೇನು ಸಾಯಲಿರುವವಳ ಎದೆಯ ಮೇಲೆ ತನ್ನ ಭಾರ ಇಳಿಸಿ ಹಗುರಾಗಲು ಬಂದಿದ್ದಳು, ಅದೂ ಹೂ ತೆಗೆದುಕೊಂಡು. ಅಜ್ಜಿ ತನ್ನ ಕೈ ಬಿಡಿಸಿಕೊಂಡು, "ಕ್ಷಮಿಸಿದೆ," ಅಂದಳು. ಪಿಯಾನೊದವಳು ಕಣ್ಣೊರೆಸಿಕೊಂಡು, ಎರಡು ಬಿಸ್ಕತ್ತು ತಿಂದು, ಚಹಾ ಕುಡಿದು ಹೋದಳು.

ಆ ದಿನವೆಲ್ಲ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು ಫ್ರೀಜರ್ ತೆರೆಯಲು ಹೇಳಿದಳು. ಯಾವಾಗ ಯಾರು ಸತ್ತರೂ ಸಿದ್ಧವಿರಲಿ ಎಂದು ಮೈಯಲ್ಲಿ ಶಕ್ತಿ ಇರುವಾಗಲೇ ಮಾಡಿಟ್ಟ ಹಾಟ್‌ಡಿಶ್, ಅಲ್ಯೂಮಿನಿಯಂ ಟ್ರೇಗಳಲ್ಲಿ ಗಟ್ಟಿಯಾಗಿ ಕೂತಿತ್ತು.

"ನನ್ನ ಮಣ್ಣು ಮಾಡಿದ ದಿನ ಇದನ್ನ ಬಿಸಿ ಮಾಡಿ ಒಯ್ಯಿ. ನನ್ನ ಬಿಳಿ ಪಾತ್ರೆ ಮುಟ್ಟಬೇಡ, ಅವರು ಗುರುತು ಹಿಡೀತಾರೆ. ನಿನ್ನ ಸ್ಟೀಲ್ ಪಾತ್ರೆಯಲ್ಲಿ ಹಾಕು. ನಾನು ಮಾಡಿದ್ದು ಅಂತ ಹೇಳಬೇಡ. ತಿಂತಾರೋ ಇಲ್ಲವೋ ನೋಡು."

"ನೋಡಿ?"

"ಅವರಿಗೆ ಬೇಡವಾಗಿದ್ದು ನನ್ನ ಅಡಿಗೆಯೋ ನಾನೋ, ಅದು ನನಗೆ ಗೊತ್ತಾಗಬೇಕು."

"ಸತ್ತ ಮೇಲೆ ಗೊತ್ತಾಗಿ ಏನು ಮಾಡೋದು ಅಜ್ಜಿ?"

"ಅದು ನಿನಗ್ಯಾಕೆ? ಬಂದು ಹೇಳು, ಸಾಕು. ನೀನು ನಮ್ಮ ಚರ್ಚಿನವಳಲ್ಲ, ನಿಜ ಹೇಳ್ತೀಯ."

ಅದಾದ ಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ. ಸಾಯುವಾಗಲೂ ಸುಖ ಸಿಗಲಿಲ್ಲ. ನರಳಿ, ನರ್ಸನ್ನು ಬೈದು, ನನ್ನನ್ನೂ ಬೈದು ಹೋದಳು.

ನಾನು ಲಿಂಗಾಯತರ ಮನೆಯವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಆ ದನದ ಮಾಂಸವನ್ನು ಓವನ್ನಿನಲ್ಲಿ ಬಿಸಿ ಮಾಡಿ, ನಮ್ಮವ್ವ ಕೊಟ್ಟು ಕಳಿಸಿದ್ದ ಸ್ಟೀಲಿನ ಬೋಗುಣಿಗೆ ತುಂಬಿದೆ. ಚರ್ಚಿನ ಹಾಲ್‌ನಲ್ಲಿ ಸ್ಯಾಂಡ್‌ವಿಚ್‌ಗಳ ಪಕ್ಕ ಇಟ್ಟು ಬಡಿಸಲು ನಿಂತೆ.

ತಿಂದರು. ಮೊದಲು ಒಂದು ಚಮಚ, ಆಮೇಲೆ ತಟ್ಟೆ ತುಂಬ. ಎರಡನೆಯ ಸಲ ಬಂದವರಲ್ಲಿ ಪಿಯಾನೊದವಳೂ ಇದ್ದಳು. "ನಿಮ್ಮ ಇಂಡಿಯಾದವರ ಕೈರುಚಿಯೇ ಬೇರೆ. ಏನು ಮಸಾಲೆ ಹಾಕಿದೀರಿ?" ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಪಾಪ, ಆಕೆಯೂ ಇಂಥದ್ದೇ ಏನೋ ಮಾಡ್ತಿದ್ದಳು. ಬಾಯಿಗಿಡೋಕೇ ಮನಸ್ಸು ಬರ್ತಿರಲಿಲ್ಲ," ಅಂದಳು.

ಅಜ್ಜಿ ನನಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದಳು. ನನ್ನ ಕೈಲಾಗಲಿಲ್ಲ.

"ಇದು ಆಕೆಯೇ ಮಾಡಿದ್ದು," ಅಂದೆ, ಹಾಲ್‌ಗೆಲ್ಲ ಕೇಳುವ ಹಾಗೆ. "ಸಾಯುವ ಮುಂಚೆ ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದಳು. ನಾನು ಬಿಸಿ ಮಾಡಿದ್ದು ಅಷ್ಟೇ. ನಾನು ಮಾಂಸ ತಿನ್ನೋದಿಲ್ಲ."

ಪಿಯಾನೊದವಳು ಬಾಯಲ್ಲಿದ್ದುದನ್ನು ಪೇಪರ್ ನ್ಯಾಪ್‌ಕಿನ್ನಿಗೆ ಮೆಲ್ಲಗೆ ಉಗುಳಿ ಮಡಿಚಿದಳು. ಆಮೇಲೆ ಒಬ್ಬರ ಹಿಂದೊಬ್ಬರು ಎದ್ದು, ಪ್ರಸಾದಕ್ಕೆ ನಿಂತವರ ಹಾಗೆ ಶಿಸ್ತಾಗಿ ಸಾಲು ಹಿಡಿದು, ತಟ್ಟೆಗಳನ್ನು ಬಿನ್ನಿಗೆ ಹಾಕಿ ಬಂದರು. ಬೋಗುಣಿಯಲ್ಲಿ ಉಳಿದದ್ದನ್ನೂ ಯಾರೋ ಅಲ್ಲೇ ಸುರಿದರು. ನಾನು ಹೊರಡುವಾಗ ಪಿಯಾನೊದವಳು ಬೋಗುಣಿಯನ್ನು ತೊಳೆದು ಒರೆಸಿ ನನ್ನ ಕೈಗಿಟ್ಟಳು. ಥಳಥಳ ಹೊಳೆಯುತ್ತಿತ್ತು.

ಆಮೇಲೆ ಅದರಲ್ಲಿ ಸಾರು ಕುದಿಸಲು ನನಗೆ ಮನಸ್ಸು ಬರಲಿಲ್ಲ. ಮದುವೆಯಾಗಿ ಸಿಡ್ನಿಗೆ ಬಂದಾಗ ಅದೂ ಸಾಮಾನಿನ ಜೊತೆ ಬಂತು; ಈಗ ಕೆಲ್ಲಿವಿಲ್‌ನ ನಮ್ಮ ಹಿತ್ತಲಲ್ಲಿ ತಳಕ್ಕೆ ತೂತು ಹೊಡೆಸಿಕೊಂಡು ಕರಿಬೇವಿನ ಗಿಡ ಹೊತ್ತು ಕೂತಿದೆ.

ಮೆಲ್ಬರ್ನ್ ಬಿಡುವ ಮೊದಲು ಒಂದು ಭಾನುವಾರ ಸಮಾಧಿಗೆ ಹೋದೆ. ಕಲ್ಲು ಇನ್ನೂ ನೆಟ್ಟಿರಲಿಲ್ಲ, ಮಣ್ಣು ಕುಸಿದು ತಗ್ಗಾಗಿತ್ತು. ಸುಳ್ಳು ಹೇಳಿಬಿಡಲೇ ಅನ್ನಿಸಿತು. ಅವಳಿದ್ದಾಗ ಒಂದು ದಿನವೂ ಅವಳ ಮೇಲೆ ಹುಟ್ಟದಿದ್ದ ಕನಿಕರ ಆಗ ಹುಟ್ಟಿತು. ಆದರೆ ಅವಳು ಕೇಳಿದ್ದು ನಿಜವನ್ನು. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಬಾಯಿ ಬರಲಿಲ್ಲ, ನಮ್ಮ ಮಾತಿನಲ್ಲೇ ಹೇಳಿದೆ.

"ಅಜ್ಜಿ, ತಿಂದ್ರು. ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರು. ನೀ ಮಾಡಿದ್ದು ಅಂತ ಗೊತ್ತಾಗೂತನಕ ತಿಂದ್ರು."