ದೆವ್ವದ ಎರಡನೇ ಭಾಗದಲ್ಲಿ ನನ್ನ ಮೂರೂವರೆ ನಿಮಿಷ

ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವವನು ಸಿನಿಮಾ ಡೈರೆಕ್ಟರ್. ಬಂದ ಹೊಸತರಲ್ಲಿ ಮೀಡಿಯಾದಲ್ಲಿ ಕೆಲಸ ಎಂದಷ್ಟೇ ಹೇಳಿದ್ದ. ನ್ಯೂಸ್ ಓದುವವನಿರಬೇಕು ಎಂದುಕೊಂಡು ನಾನು ಕೀ ಕೊಟ್ಟೆ.

ಅವನ ಮೊದಲ ಸಿನಿಮಾ ನಮ್ಮ ಮನೆಯಲ್ಲೇ ಆಯಿತು. ದೆವ್ವದ ಮನೆಗೆ ನುಗ್ಗಿದ ಮೂವರು ಕಳ್ಳರ ಪಾಡು, ಕಾಮಿಡಿ. ಸೆಟ್ ಹಾಕುವಷ್ಟು ಅನುಕೂಲ ಇರಲಿಲ್ಲವಾದ್ದರಿಂದ ನಮ್ಮ ಹಾಲ್, ನಮ್ಮ ಮೆಟ್ಟಿಲು, ನಮ್ಮ ಯಜಮಾನರ ಕಾಲದ ಸೋಫಾ. ಒಂದು ಬೆಳಿಗ್ಗೆ ನಾನು ತಲೆಗೆ ಸ್ನಾನ ಮಾಡಿ, ಬಿಳಿ ಕಾಟನ್ ಸೀರೆಯುಟ್ಟು, ಒದ್ದೆ ಕೂದಲು ಬಿಟ್ಟುಕೊಂಡೇ ಹೊರಗೆ ಬಂದರೆ, ಕಳ್ಳರ ಪಾರ್ಟಿನವರು ಶೂ ಹಾಕಿಕೊಂಡು ನನ್ನ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತಿದ್ದರು.

"ಯಾರ್ರೀ ಅದು, ಶೂ ಹಾಕ್ಕೊಂಡು ಒಳಗೆ ಬಂದಿರೋದು?" ಎಂದೆ.

ಕ್ಯಾಮೆರಾ ಓಡುತ್ತಿತ್ತು. ಮೂವರೂ ನಿಜವಾಗಿಯೇ ಹೆದರಿ ಓಡಿದರು. ಡೈರೆಕ್ಟರ್ ಆ ತುಣುಕನ್ನು ಹಾಗೆಯೇ ಸಿನಿಮಾದೊಳಗೆ ಇಟ್ಟ. ಥಿಯೇಟರಿನಲ್ಲಿ ಸಿನಿಮಾ ಹೇಗೋ ಏನೋ, ಫೋನುಗಳಲ್ಲಿ ಚೆನ್ನಾಗಿ ಓಡಿತು. ತರಕಾರಿ ಅಂಗಡಿಯಲ್ಲಿ ಅಪರಿಚಿತರು ನನ್ನನ್ನು ನೋಡಿ ಚಪ್ಪಲಿ ಬಿಡುವ ನಾಟಕವಾಡುತ್ತಿದ್ದರು.

ಹೀಗಾಗಿ ಸೀಕ್ವೆಲ್ ಎಂದಾಗ ದೆವ್ವದ ಪಾರ್ಟು ನನ್ನದೇ ಎಂದಾಯಿತು. ಈ ಸಲ ಫ್ಲ್ಯಾಶ್‌ಬ್ಯಾಕ್: ಆ ಅಜ್ಜಿ ಸತ್ತದ್ದು ಹೇಗೆ ಎಂದು. ಎರಡು ಪುಟ ಡೈಲಾಗು, ಕೊನೆಗೆ ಹಾಲಿನಲ್ಲೇ ಸಾವು.

ನಾನು ಕಾನ್ವೆಂಟಿನಲ್ಲಿ ಓದುವಾಗ ಆನ್ಯುಯಲ್ ಡೇ ಡ್ರಾಮಾಗೆ ಸಿಸ್ಟರ್ ನನಗೆ ರಾಣಿಯ ಪಾರ್ಟ್ ಕೊಟ್ಟಿದ್ದರು. ಅಪ್ಪ ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಅದನ್ನು ತಪ್ಪಿಸಿದರು. ನನಗೆ ಪರದೆ ಎಳೆಯುವ ಕೆಲಸ ಸಿಕ್ಕಿತು. ಆಮೇಲೆ ಟೀಚರ್ ಆದೆ, ಮದುವೆಯಾದೆ, ರಿಟೈರ್ ಆದೆ. ಎಪ್ಪತ್ತು ದಾಟಿದ ಮೇಲೆ ಪ್ರಶಸ್ತಿ ಬರುತ್ತದೆಂದು ಯಾರೂ ಕಾಯುವುದಿಲ್ಲ. ನನಗೆ ಆಕ್ಟಿಂಗ್ ಬರುತ್ತದೆಯೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಾಗಿತ್ತು. ಮೊದಲ ಭಾಗ ಲೆಕ್ಕಕ್ಕಿಲ್ಲ. ಅಲ್ಲಿ ನಾನು ಬೈದದ್ದು, ಅಷ್ಟೆ.

ಒಂದು ತಿಂಗಳು ಟೆರೇಸಿನ ಮೇಲೆ ಬಟ್ಟೆ ಒಣಹಾಕುವ ಹಗ್ಗಗಳ ನಡುವೆ ಓಡಾಡುತ್ತ ಡೈಲಾಗು ಬಾಯಿಪಾಠ ಮಾಡಿದೆ. ವಾಯ್ಸ್ ಲಾಸ್ಟ್ ಬೆಂಚಿಗೆ ಮುಟ್ಟಬೇಕು ಎಂದು ಸಿಸ್ಟರ್ ಹೇಳಿಕೊಟ್ಟದ್ದು ಮರೆತಿರಲಿಲ್ಲ. ಎಲ್ಲಿ ಪಾಜ್, ಎಲ್ಲಿ ನಿಟ್ಟುಸಿರು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಿದ್ದೆ.

ಶೂಟಿಂಗ್ ಬೆಳಿಗ್ಗೆ ಹನ್ನೊಂದಕ್ಕೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಅಮಾವಾಸ್ಯೆ ಮಾಡಿದ್ದರು. ಪಕ್ಕದ ಮನೆಯ ಕುಕ್ಕರ್ ಕೂಗು ನಿಲ್ಲಲಿ ಎಂದು ಎಲ್ಲರೂ ಕಾದೆವು. ನಾನು ಎದೆ ಹಿಡಿದುಕೊಂಡು, ಎರಡೂ ಪುಟ ಹೇಳಿ, ಸೋಫಾದ ಪಕ್ಕ ಬಿದ್ದು ಸತ್ತೆ. ಡೈರೆಕ್ಟರ್ 'ಸೂಪರ್ ಆಂಟಿ' ಎಂದ. ಒಂದೇ ಟೇಕ್. ಬೇರೆಯವರಿಗೆಲ್ಲ ಏಳು, ಎಂಟು ಆಗುತ್ತಿತ್ತು. ಕ್ಯಾಮೆರಾದವನು ತಲೆ ಎತ್ತಲಿಲ್ಲ. ಪಾಪ, ಅಳು ಬಂದಿರಬೇಕು ಎಂದುಕೊಂಡೆ.

ರಿಲೀಸ್ ದಿನ ವಿಜಯನಗರದ ಥಿಯೇಟರಿಗೆ ಆಟೋ ಮಾಡಿಕೊಂಡು ಒಬ್ಬಳೇ ಹೋದೆ. ಮೂರು ಸಾಲು ತುಂಬುವಷ್ಟು ಜನ. ಹೇರೋಹಳ್ಳಿಯ ರಸ್ತೆಯಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಬರುವ ದೆವ್ವದ ಕಾರು ಗುಂಡಿಯಲ್ಲಿ ಸಿಕ್ಕಿಕೊಂಡು, ಕಳ್ಳರೇ ಇಳಿದು ಅದನ್ನು ತಳ್ಳುವ ಸೀನಿಗೆ ಎಲ್ಲರೂ ನಕ್ಕರು. ಆಮೇಲೆ ನಾನು ಬಂದೆ. ಥಿಯೇಟರು ಮೌನವಾಯಿತು. ಒಳ್ಳೆಯ ಮೌನ ಎಂದೇ ಒಂದು ನಿಮಿಷ ನಂಬಿದ್ದೆ. ಆಗ ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕದವನನ್ನು ಕೇಳಿದ:

"ಮಗಾ, ಅಜ್ಜಿ ಇನ್ನೂ ಸಾಯ್ಲಿಲ್ವಾ?"

"ತಡಿ ಗುರು, ಪಾಠ ಮುಗೀಲಿ."

ಅವರ ಮೇಲೆ ಕೋಪ ಬರಲಿಲ್ಲ. ಪರದೆಯ ಮೇಲಿನ ಹೆಂಗಸು ಲಾಸ್ಟ್ ಬೆಂಚಿಗೇ ಮಾತಾಡುತ್ತಿದ್ದಳು, ಕ್ಯಾಮೆರಾ ಒಂದು ಮಾರು ದೂರದಲ್ಲಿತ್ತು. ಮೂರೂವರೆ ನಿಮಿಷ. ವ್ಯಾನಿಟಿ ಬ್ಯಾಗಿನ ಝಿಪ್ ಹಿಡಿದುಕೊಂಡು ಕೂತಿದ್ದೆ. ಆನ್‌ಲೈನಿನಲ್ಲಿ ಯಾರೋ ಬರೆದದ್ದೂ ಅದೇ: ಮೊದಲ ಭಾಗದ ದೆವ್ವ ಬೈಯುತ್ತಿತ್ತು, ಈ ಭಾಗದ ದೆವ್ವ ಭಾಷಣ ಮಾಡುತ್ತದೆ.

ಸಿನಿಮಾ ಒಂದು ವಾರದಲ್ಲಿ ಎತ್ತಂಗಡಿಯಾಯಿತು. ಡೈರೆಕ್ಟರ್ ಮೆಟ್ಟಿಲಿನಲ್ಲಿ ಎದುರಾದರೆ ಫೋನ್ ಕಿವಿಗಿಟ್ಟುಕೊಂಡು ಇಳಿದುಬಿಡುತ್ತಿದ್ದ. ಒಂದು ಸಂಜೆ ಅವನ ಎಡಿಟರ್ ಗೆಳೆಯ ನಮ್ಮ ಗೇಟಿನ ಹತ್ತಿರ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಫೋನಿನಲ್ಲಿ ಸಿನಿಮಾ ತೋರಿಸುವ ಯಾವುದೋ ಕಂಪನಿ ಹತ್ತು ನಿಮಿಷ ಕಡಿಮೆ ಮಾಡಿದರೆ ತೆಗೆದುಕೊಳ್ಳುತ್ತೇವೆ ಎಂದಿದೆಯಂತೆ, ಅದಕ್ಕೆ ಗುಂಡಿಯ ಸೀನು ಹೋಯಿತಂತೆ. ಜನ ನಕ್ಕ ಸೀನು ಅದು. ನಾನು ಮೇಲೆ ಹತ್ತಿದೆ.

ಕಂಪ್ಯೂಟರ್ ಮುಂದೆ ಡೈರೆಕ್ಟರ್ ಕೂತಿದ್ದ. ಹಿಂದೆಯೇ ಎಡಿಟರೂ ಬಂದ.

"ಗುಂಡಿ ಸೀನ್ ಯಾಕೋ ತೆಗೆದೆ?"

"ಲೆಂಥ್ ಜಾಸ್ತಿ ಆಗ್ತಿತ್ತು ಆಂಟಿ."

"ನಂದು ಆಗ್ಲಿಲ್ವಾ?"

ಅವನು ಕೀಬೋರ್ಡ್ ನೋಡಿದ.

"ಶೂಟಿಂಗ್ ದಿನಾನೇ ಗೊತ್ತಾಗಿತ್ತಾ ನಿಂಗೆ?"

"ಎಲ್ರಿಗೂ ಗೊತ್ತಾಗಿತ್ತು ಆಂಟಿ. ನೀವು ದೊಡ್ಡೋರು, ಮನೆ ಓನರ್ ಬೇರೆ. ನಿಮ್ಗೆ ಒನ್ ಮೋರ್ ಅಂತ ಹೇಗೆ ಹೇಳ್ಲಿ?"

ಅಷ್ಟು ವರ್ಷ ನಾನು ಮಕ್ಕಳ ಕಾಂಪೊಸಿಷನ್ನಿಗೆ ಕೆಂಪು ಇಂಕು ಹಾಕಿ 'ರೀರೈಟ್' ಎಂದು ಬರೆದು ವಾಪಸ್ ಕೊಟ್ಟವಳು. ಸೀನನ್ನು ನನಗೆ ತೋರಿಸು ಎಂದೆ. ನನ್ನ ಡೈಲಾಗು, ನನ್ನ ನಿಟ್ಟುಸಿರು, ನನ್ನ ಸಾವು. ಡೈರೆಕ್ಟರ್ ಕಟ್ ಎಂದ ಮೇಲೂ ಕ್ಯಾಮೆರಾ ಓಡುತ್ತಲೇ ಇತ್ತು. ನೆಲದ ಮೇಲಿದ್ದ ನಾನು ಒಂದು ಕಣ್ಣು ತೆರೆದು, ಕ್ಯಾಮೆರಾ ನೋಡಿ, ಕಳ್ಳನಗೆ ನಕ್ಕಿದ್ದೆ. ಸಿನಿಮಾದವರಲ್ಲಿ ಅದೊಂದು ಪದ್ಧತಿ. ಸಾಯುವ ಪಾರ್ಟ್ ಮಾಡಿದವರು ಏಳುವ ಮೊದಲು ಕ್ಯಾಮೆರಾಕ್ಕೆ ನಗಬೇಕು. ಸತ್ತದ್ದು ಸುಳ್ಳು ಎಂದು ದೇವರಿಗೆ ಗೊತ್ತಾಗಲಿ ಎಂದೋ ಏನೋ. ಅವತ್ತು ಲೈಟಿನವರು ನೆನಪಿಸಿದ್ದಕ್ಕೆ ನಕ್ಕಿದ್ದೆ. ಆ ನಗು ಹದವಾಗಿತ್ತು.

"ಮಾತೆಲ್ಲ ತೆಗಿ," ಎಂದೆ. "ಎದೆ ಹಿಡ್ಕೊಳ್ಳೋದು, ಬೀಳೋದು, ಈ ನಗು. ಸಾಕು."

ಎಡಿಟರ್ ಒಪ್ಪಲಿಲ್ಲ. ಅವನಿಗೆ ಭಯ.

"ಅದನ್ನ ಸಿನ್ಮಾ ಒಳಗೆ ಹಾಕೋ ಹಾಗಿಲ್ಲ ಆಂಟಿ. ಹಾಕಿದ್ರೆ ಆ ನಗೂನೂ ಆಕ್ಟಿಂಗ್ ಆಗ್ಬಿಡುತ್ತೆ. ಆಮೇಲೆ ನೀವು ಸತ್ತಂಗೇ ಉಳ್ಕೋತೀರ."

ಲಾಜಿಕ್ ಸರಿಯಾಗಿಯೇ ಇತ್ತು. ಹಾಗಾದರೆ ಸಿನಿಮಾಕ್ಕೆ ಹಾಕದೆ, ದೇವರಿಗೆಂದೇ ಇನ್ನೊಂದು ನಗು ಈಗಲೇ ತೆಗೆದುಕೊಳ್ಳಿ ಎಂದೆ. ಡೈರೆಕ್ಟರ್ ಫೋನ್ ಎತ್ತಿ ಹಿಡಿದ. ನಕ್ಕೆ. ಅವನು ಸ್ಕ್ರೀನ್ ನೋಡಿ, ನನ್ನನ್ನು ನೋಡಿ ಹೇಳಿದ:

"ಒನ್ ಮೋರ್ ಆಂಟಿ."

ನಾಲ್ಕು ಸಲ ಮಾಡಿಸಿದ. ನನ್ನ ಮಾತು ಹೋದ ಜಾಗಕ್ಕೆ ಗುಂಡಿಯ ಸೀನು ವಾಪಸ್ ಬಂತು. ಕಂಪನಿಯವರು ಸಿನಿಮಾ ತೆಗೆದುಕೊಂಡರು. ದೊಡ್ಡ ಹಿಟ್ ಏನಲ್ಲ, ನೋಡುವವರು ನೋಡುತ್ತಿದ್ದಾರೆ.

ಮೊನ್ನೆ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಲಿಫ್ಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ನನ್ನನ್ನು ಗುರುತಿಸಿದರು. ಸತ್ತು ಕಣ್ಣು ಬಿಡುವುದನ್ನು ಎಷ್ಟೋ ಸಲ ರಿವೈಂಡ್ ಮಾಡಿ ನೋಡಿದರಂತೆ.

"ಅಜ್ಜಿ, ನಿಮ್ಮ ಪಾರ್ಟ್ ಇನ್ನೂ ಸ್ವಲ್ಪ ಇರ್ಬೇಕಿತ್ತು," ಎಂದಳು ಒಬ್ಬಳು.

"ಇತ್ತಮ್ಮ," ಎಂದೆ. "ಚೆನ್ನಾಗಿರ್ಲಿಲ್ಲ."

ಲಿಫ್ಟಿನಲ್ಲಿದ್ದವರೆಲ್ಲ ನಕ್ಕರು. ಟೈಮಿಂಗ್ ಸರಿಯಾಗಿತ್ತೆಂದು ಕಾಣುತ್ತದೆ.