ವೀರಮ್ಮಾಳ್ ಅವರ ಡ್ರಮ್ಮಿನ ಎಲೆಬಳ್ಳಿ

ವೀರಮ್ಮಾಳ್ ಅವರ ಸಿಟ್ಟು ನಮ್ಮ ಬೀದಿಗೆಲ್ಲ ಗೊತ್ತು. ಕಂಬಂ ಬಸ್ ಸ್ಟ್ಯಾಂಡಿನಿಂದ ಬರುವ ಶೇರ್ ಆಟೋದವರು ಅವರ ಮನೆ ಮುಂದೆ ಹಾರನ್ ಹೊಡೆಯುವುದಿಲ್ಲ. ಆ ಸಿಟ್ಟು ಎಲ್ಲಿಂದ ಬಂತೆಂದು ಕೇಳಿದವರು ಮಾತ್ರ ಕಡಿಮೆ. ನಾನು ಅವರ ಪಕ್ಕದ ಮನೆಯವಳು. ನಡುವೆ ಇರುವುದು ಎದೆಯೆತ್ತರದ ಗೋಡೆ.

ಅವರು ಮದುವೆಯಾಗಿ ಬಂದ ಮನೆಗೆ ಎಲೆತೋಟವಿತ್ತು. ಅಗಸೆ ಮರಗಳಿಗೆ ವೀಳ್ಯದೆಲೆಯ ಬಳ್ಳಿ ಹಬ್ಬಿಸಿದ, ನಡುಹಗಲಲ್ಲೂ ತಂಪಾಗಿರುವ ತೋಟ. ತಮಿಳುನಾಡಿನ ಈ ಕಡೆ ನೆಲೆಸಿ ಮನೆಯಲ್ಲಿ ಕನ್ನಡ ಆಡುವ ನಮ್ಮ ಜನಕ್ಕೆ ಅದು ದೇವಸ್ಥಾನವಿದ್ದಂತೆ. ಚಪ್ಪಲಿ ಹೊರಗೆ ಬಿಡಬೇಕು. ಮುಟ್ಟಾದ ಹೆಂಗಸು ಬೇಲಿ ದಾಟಬಾರದು, ದಾಟಿದರೆ ಬಳ್ಳಿ ಬಾಡುತ್ತದೆ. ಯಾರಿಗೆ ಯಾವಾಗ ಎಂದು ಕೇಳುತ್ತಾ ಕೂರುವ ಗೋಜೇ ಬೇಡವೆಂದು ಗಂಡನ ಅಣ್ಣ ಪೊನ್ನುಸಾಮಿ ಹೆಂಗಸರನ್ನೆಲ್ಲ ಯಾವಾಗಲೂ ಬೇಲಿಯ ಹೊರಗೇ ಇರಿಸಿದ್ದರು. ಒಳಗಿಂದ ಬಂದ ಎಲೆಯನ್ನು ಜೋಡಿಸಿ ಕಟ್ಟು ಕಟ್ಟುವುದಕ್ಕೆ ಹೆಂಗಸರ ಕೈ ಬೇಕಿತ್ತು. ಬಳ್ಳಿ ಮುಟ್ಟುವುದಕ್ಕೆ ಆ ಕೈ ಆಗುತ್ತಿರಲಿಲ್ಲ.

ಪಾಲಾದಾಗ ತೋಟ ಪೊನ್ನುಸಾಮಿಗೆ ಹೋಯಿತು. ದೇವಸ್ಥಾನದಂತಿದ್ದ ತೋಟವನ್ನು ಅವರು ವರ್ಷದೊಳಗೆ ಅಗೆದು ದ್ರಾಕ್ಷಿ ಹಾಕಿದರು. ಆಗ ಯಾರಿಗೂ ದೋಷ ತಟ್ಟಲಿಲ್ಲ. ಅವರ ತಮ್ಮ, ವೀರಮ್ಮಾಳ್ ಗಂಡ ಮುರುಗನ್‌ಗೆ ಸಿಕ್ಕಿದ್ದು ಬೆಟ್ಟದ ಬುಡದ ತುಂಡು ನೆಲ. ಒಂದು ಗೇಣು ಅಗೆದರೆ ಸುಣ್ಣಕಲ್ಲು. ಅಲ್ಲಿ ನೆಟ್ಟ ನುಗ್ಗೆ ಕೂಡ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು.

ವೀರಮ್ಮಾಳ್ ಗುಜರಿ ಅಂಗಡಿಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ತಂದು ಅರ್ಧಕ್ಕೆ ಕೊಯ್ಯಿಸಿದರು. ಹಿತ್ತಲಲ್ಲಿ ಸಾಲಾಗಿ ಇಟ್ಟು ಮೇಲೆ ಹಸಿರು ಬಲೆ ಕಟ್ಟಿದರು.

ಆಟೋ ನಿಲ್ಲಿಸಿ ಬಂದ ಮುರುಗನ್, "ಇಷ್ಟು ಡ್ರಮ್ಮಾ? ಎನ್ನನ್ನೂ ಒಂದರಲ್ಲಿ ನೆಟ್ಬಿಡು," ಅಂದರು.

"ನಿಮ್ಮ ನೆಟ್ರೆ ಬೀಡಿ ತಾನೆ ಚಿಗುರೋದು!"

ಅಂದು ವೀರಮ್ಮಾಳ್ ಕೂಡ ನಕ್ಕಿದ್ದರು.

ಪೊನ್ನುಸಾಮಿಯೇ ಟ್ರ್ಯಾಕ್ಟರಿನಲ್ಲಿ ಕೆರೆಗೋಡು ಕಳಿಸಿದರು. ಎಲೆಬಳ್ಳಿಗೆ ಕೆರೆಯ ತಳದ ಕಪ್ಪು ಮಣ್ಣೇ ಆಗಬೇಕು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ತೋಟಕ್ಕೆ ಹಾಗೆ ಹಾಕಿಯೇ ಎಲ್ಲರೂ ಬೆಳೆದವರು. ಅದನ್ನೇ ಡ್ರಮ್ಮಿಗೂ ಕಂಠದವರೆಗೆ ತುಂಬಿದರು. ನೀರು ಪೋಲಾಗದಿರಲೆಂದು ತಳಕ್ಕೆ ತೂತು ಹಾಕಲಿಲ್ಲ. ಕಾಲೇಜಿಗೆ ಹೋಗುವ ಮಗಳು ಯುವಶ್ರೀ ತುಂಡುಬಳ್ಳಿ ನೆಟ್ಟು, ಅಗಸೆ ಕೋಲಿಗೆ ಬಾಳೆನಾರಿನಲ್ಲಿ ಕಟ್ಟಿದಳು. ಇಲ್ಲಿ ಬೇಲಿಯಿಲ್ಲ, ಯಾವ ದಿನವಾದರೂ ಮುಟ್ಟು ಎಂದು ಅಮ್ಮ ಮೊದಲೇ ಹೇಳಿದ್ದರು. ಅವಳು ದಿನವೂ ಮುಟ್ಟಿದಳು.

ಬಳ್ಳಿ ಹಬ್ಬಿತು. ಐಪ್ಪಸಿ ತಿಂಗಳ ಹಿಂಗಾರು ಮಳೆ ಹಿಡಿದ ಮೇಲೆ ಹಳದಿಯಾಯಿತು, ಒಂದೊಂದಾಗಿ ಜೋತುಬಿತ್ತು.

ಪೊನ್ನುಸಾಮಿ ಬಂದು ನೋಡಿದರು. ಮಣ್ಣನ್ನಲ್ಲ, ಹುಡುಗಿಯನ್ನು.

"ತೀಟ್ಟು ಪಟ್ಟದೆ ವೀರಮ್ಮಾ, ಮೈಲಿಗೆ. ದೂರ ಇರೋ ದಿನ ಇವಳು ಮುಟ್ಟವಳೆ, ಹೌದು ತಾನೆ? ಇದನ್ನೆಲ್ಲ ಕಿತ್ತಾಕು. ಇನ್ಮೇಲೆ ಆ ದಿನ ಇವಳ್ನ ಹಿಂದಿನ ಶೆಡ್ಡಲ್ಲಿ ಕೂರ್ಸು. ನಾಳೆ ಇನ್ನೊಂದು ಮನೆಗೆ ಹೋಗೋಳು."

ಮುರುಗನ್ ತಲೆ ತಗ್ಗಿಸಿ ನಿಂತರು. ಅಣ್ಣನ ಮುಂದೆ ಅವರದು ಯಾವತ್ತೂ ಅದೇ ನಿಲುವು. ಯುವಶ್ರೀ ಕೈಯಲ್ಲಿದ್ದ ಬಾಳೆನಾರನ್ನು ನೆಲಕ್ಕೆ ಬಿಟ್ಟಳು.

"ಅಮ್ಮಾ, ನಿಜವಾಗ್ಲೂ ಎನ್ನಿಂದಾನಾ?"

ಆ ಹುಡುಗಿ ಡಿಗ್ರಿ ಓದುತ್ತಿದ್ದಳು. ಆದರೂ ಕೇಳಿದಳು. ಅವಳು ಹಾಗೆ ಕೇಳುವಂತೆ ಮಾಡಿದವರ ಮೇಲೆ ನನಗೆ ಇಂದಿಗೂ ಕೋಪವಿದೆ.

ವೀರಮ್ಮಾಳ್ ಸೀರೆ ಸಿಕ್ಕಿಸಿಕೊಂಡು ಮೊದಲ ಡ್ರಮ್ಮಿಗೆ ಕೈ ಹಾಕಿ ಉರುಳಿಸಿದರು. ಗೋಡು ಅಚ್ಚಿನಿಂದ ಬಿದ್ದ ಬೆಲ್ಲದಂತೆ ಇಡಿಯಾಗಿ ಬಿತ್ತು. ಹಿಂದೆಯೇ ಕೊಳೆತ ನೀರು ಸುರಿಯಿತು. ನಾನು ಗೋಡೆಯಾಚೆಯಿಂದ ಮೂಗು ಮುಚ್ಚಿಕೊಂಡೆ. ಬೇರುಗಳು ಕಪ್ಪಗಾಗಿ, ಹಿಂಡಿದರೆ ಲೋಳೆ.

"ವಾಸನೆ ನೋಡಿ ಬಾವ! ಇದು ಎನ್ನ ಮಗಳದಾ, ನೀವು ಕಳ್ಸಿದ ಗೋಡಿನದಾ?"

"ಬಾಯ್ ಉದ್ದ ಆಯ್ತು. ಎನ್ನಪ್ಪನ ಕಾಲದಿಂದ ಗೋಡೇ ಹಾಕಿರೋದು."

"ನಿಮ್ಮಪ್ಪನ ತೋಟದಲ್ಲಿ ನೀರು ಕಾಲುವೆಗೆ ಹರೀತು. ಇದರಲ್ಲಿ ಎಲ್ಲಿಗೆ ಹರೀಬೇಕು? ಎನಗೂ ಬುದ್ಧಿ ಓಡಲಿಲ್ಲ, ನಿಮಗೂ ಓಡಲಿಲ್ಲ. ನಿಮ್ಮ ಗೋಡು, ಎನ್ನ ಡ್ರಮ್ಮು, ಪಳಿ ಮಾತ್ರ ಇವಳ ತಲೆಗಾ? ಹೋಗಿ ಬಾವ, ಎನ್ನ ಕೈ ಮಣ್ಣಾಗ್ಯದೆ!"

ಪೊನ್ನುಸಾಮಿ ಹೋದರು. ಆದರೆ ಆ ಮೈಲಿಗೆಯ ಮಾತು ಅವರ ಹಿಂದೆಯೇ ಹೋಗಲಿಲ್ಲ, ಬೀದಿಯಲ್ಲೇ ಉಳಿಯಿತು. ಯುವಶ್ರೀ ಹಿತ್ತಲಿಗೆ ಬರುವುದನ್ನು ಬಿಟ್ಟಳು.

ವೀರಮ್ಮಾಳ್ ಕಬ್ಬಿಣದ ಸರಳು ಕಾಯಿಸಿ ಡ್ರಮ್ಮಿನ ತಳಕ್ಕೆ ತೂತು ಹಾಕಿದರು. ಒಡೆದ ಹೆಂಚಿನ ಚೂರು ಹಾಸಿದರು. ಗೋಡು ಕಡಿಮೆ ಮಾಡಿ ಮರಳು, ತೆಂಗಿನ ನಾರಿನ ಪುಡಿ, ಆಡಿನ ಹಿಕ್ಕೆ ಬೆರೆಸಿದರು. ಮಣ್ಣು ಕಲಸುವಾಗಲೂ ಯಾರನ್ನೋ ಹೊಡೆಯುತ್ತಿರುವಂತೆ ಕಾಣುತ್ತಿತ್ತು. ನೆಡುವ ದಿನ ಮಗಳನ್ನು ತೋಳು ಹಿಡಿದು ಎಳೆದುಕೊಂಡು ಬಂದರು.

"ಇವತ್ತು ಬೇಡಮ್ಮಾ. ಇವತ್ತು ನಾನು..."

"ಇವತ್ತೇ ಬೇಕು. ನೆಡು ಡೀ!"

ಹುಡುಗಿ ಅಳುತ್ತಲೇ ನೆಟ್ಟಳು. ಒಂದು ಬಳ್ಳಿಯೂ ಸಾಯಲಿಲ್ಲ. ಮುಂದಿನ ಐಪ್ಪಸಿ ಮಳೆಯಲ್ಲಿ ಬಲೆ ಕಾಣದಷ್ಟು ಎಲೆ.

ತೈ ತಿಂಗಳಲ್ಲಿ ಪೊನ್ನುಸಾಮಿಯ ಮೊಮ್ಮಗನಿಗೆ ಕಿವಿ ಚುಚ್ಚುವ ಕಾರ್ಯ ಬಂತು. ಅವರ ವಂಶದಲ್ಲಿ ಒಂದು ಕಟ್ಟುಪಾಡು: ಮನೆದೇವರ ಮುಂದಿಡುವ ಮೊದಲ ತಾಂಬೂಲದ ಎಲೆ ಕೊಂಡದ್ದಾಗಬಾರದು, ಸ್ವಂತದವರ ಬಳ್ಳಿಯದೇ ಆಗಬೇಕು. ಬಳ್ಳಿ ಉಳಿದಿದ್ದದ್ದು ಈ ಡ್ರಮ್ಮುಗಳಲ್ಲಿ ಮಾತ್ರ.

ಬಂದರು. ಪೊನ್ನುಸಾಮಿ ಚಪ್ಪಲಿ ಹೊರಗೆ ಬಿಟ್ಟರು. ವೀರಮ್ಮಾಳ್ ಮಗಳಿಂದ ಎಲೆ ಕೀಳಿಸಿ, ಬಾಳೆಲೆಯಲ್ಲಿ ಸುತ್ತಿ ಅವರ ಕೈಗಿಟ್ಟರು. ಅಷ್ಟಕ್ಕೇ ಹೋಗಿದ್ದರೆ ಆಗುತ್ತಿತ್ತು.

"ಅಲ್ಲ ವೀರಮ್ಮಾ, ತಪ್ಪು ತಿಳೀಬೇಡ. ದೇವರ ಕಾರ್ಯ ನೋಡು. ಇವತ್ತು ಮಗಳು... ಸುದ್ದವಾಗವಳೆ ತಾನೆ?"

ವೀರಮ್ಮಾಳ್ ಅವರ ಕೈಯಿಂದ ಎಲೆಯನ್ನು ವಾಪಸು ಕಿತ್ತುಕೊಂಡರು.

"ಸಂದೆಗೆ ಹೋಗಿ ಬಾವ. ಅಲ್ಲಿ ಎಲೆ ಕಿತ್ತವಳು ಯಾರು, ಅವಳಿಗೆ ಅದು ಎಷ್ಟನೇ ದಿನ, ಕೇಳಿ ತಕ್ಕೊಳ್ಳಿ."

"ವೀರಾ, ಅಣ್ಣ ಕಣೇ," ಎಂದರು ಮುರುಗನ್.

"ಅವಳು ನಿಮ್ಮ ಮಗಳು!"

ಮುರುಗನ್ ಅಣ್ಣನ ಕಡೆ ನೋಡಿದರು, ಮಗಳ ಕಡೆ ನೋಡಿದರು. ಆಮೇಲೆ ಹೋಗಿ ಬಾಗಿಲಲ್ಲಿದ್ದ ಅಣ್ಣನ ಚಪ್ಪಲಿಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟರು.

ಕಾರ್ಯಕ್ಕೆ ನಾನೂ ಹೋಗಿದ್ದೆ. ಮನೆದೇವರ ಮುಂದೆ ಕಂಬಂ ಸಂತೆಯ ಎಲೆ ಇತ್ತು. ಅದನ್ನು ಯಾರು ಕಿತ್ತದ್ದೆಂದು ಒಬ್ಬರೂ ಕೇಳಲಿಲ್ಲ. ನಾನು ವಾಪಸು ಬಂದಾಗ ಯುವಶ್ರೀ ಹಿತ್ತಲಲ್ಲಿ ಸ್ಟೂಲಿನ ಮೇಲೆ ನಿಂತು ಹೊಸ ಕುಡಿಯನ್ನು ಕೋಲಿಗೆ ಕಟ್ಟುತ್ತಿದ್ದಳು. ಕೆಳಗೆ ನಿಂತ ಅಮ್ಮ, ಗಂಟು ಸಡಿಲವಾಯಿತೆಂದು ಅವಳನ್ನೂ ಬಯ್ಯುತ್ತಿದ್ದರು.